ಫರ್ನೇಸಿನ ತಳದ ಹೆಪ್ಪು

ಹೋದ ಮಳೆಗಾಲದಲ್ಲಿ ಶಿವಮೊಗ್ಗದ ಒಂದು ಕಾಲೇಜಿನವರು ಪಿಯುಸಿ ಮಕ್ಕಳಿಗೆ ನಾಲ್ಕು ಮಾತು ಹೇಳಿ ಎಂದು ನನ್ನನ್ನು ಕರೆಸಿದ್ದರು. ಮುಂದೇನು ಓದಬೇಕು ಎಂಬುದು ವಿಷಯ. ಲೋಹ, ಪಿಂಗಾಣಿ, ಪ್ಲಾಸ್ಟಿಕ್ಕುಗಳ ಒಳಗುಟ್ಟು ಕಲಿಸುವ ಮೆಟೀರಿಯಲ್ಸ್ ಎಂಜಿನಿಯರಿಂಗ್ ಬಗ್ಗೆ, ನಾನು ಈಗ ಕೆಲಸ ಮಾಡುವ ನ್ಯಾನೋ ತಂತ್ರಜ್ಞಾನದ ಬಗ್ಗೆ ಮಾತಾಡಿದೆ. ಇಂಥ ಭಾಷಣ ಮಾಡಿ ಮಾಡಿ ನನಗೆ ಬಾಯಿಪಾಠವಾಗಿದೆ. ಮಕ್ಕಳು ಎಲ್ಲಿ ನಗುತ್ತಾರೆ, ಎಲ್ಲಿ ಆಕಳಿಸುತ್ತಾರೆ ಎಂಬುದೂ ಗೊತ್ತು. ಕೊನೆಯಲ್ಲಿ ಒಬ್ಬ ಹುಡುಗಿ ಎದ್ದು ನಿಂತು, "ಮೇಡಂ, ನಿಮ್ಮ ಕಾಲದಲ್ಲಿ ಎಲ್ಲರೂ ಕಂಪ್ಯೂಟರ್ ಸೈನ್ಸೇ ಬೇಕು ಅಂತಿದ್ರಂತೆ. ನೀವ್ಯಾಕೆ ಇದನ್ನ ತಗೊಂಡ್ರಿ?" ಎಂದು ಕೇಳಿದಳು. ಅದಕ್ಕೂ ನನ್ನ ಹತ್ತಿರ ಸಿದ್ಧ ಉತ್ತರವಿದೆ. ಚಿನ್ನವನ್ನು ಕಣ್ಣಿಗೆ ಕಾಣದಷ್ಟು ಸಣ್ಣ ಕಣ ಮಾಡಿ ನೀರಿನಲ್ಲಿ ತೇಲಿಬಿಟ್ಟರೆ ಅದು ಹಳದಿಯಾಗಿ ಉಳಿಯುವುದಿಲ್ಲ, ದಾಳಿಂಬೆ ರಸದ ಹಾಗೆ ಕೆಂಪಾಗುತ್ತದೆ. ಹದಿನೇಳನೇ ವಯಸ್ಸಿನಲ್ಲಿ ಅದನ್ನು ಕೇಳಿ ಮರುಳಾದೆ ಎಂದೆ. ಚಪ್ಪಾಳೆ ಬಿತ್ತು. ಶಾಲು ಹೊದಿಸಿ, ಒಂದು ಹಣ್ಣಿನ ಬುಟ್ಟಿ ಕೈಗಿಟ್ಟು ಕಳಿಸಿದರು.

ಬುಟ್ಟಿ ತೊಡೆಯ ಮೇಲಿಟ್ಟುಕೊಂಡು ಭದ್ರಾವತಿಯ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತೆ. ಮಾಚೇನಹಳ್ಳಿ ದಾಟುವಾಗ ತೇವದ ಗಾಳಿಯ ಜೊತೆ ಸುಟ್ಟ ಬೆಲ್ಲದ ವಾಸನೆ ಒಳಗೆ ಬಂತು. ಪಕ್ಕದಲ್ಲಿದ್ದ ಹೆಂಗಸು, "ಎಲ್ಲೋ ಆಲೆಮನೆ ಇರ್ಬೇಕು" ಎಂದಳು. ಆಲೆಮನೆಯಲ್ಲ. ಎರಕದ ಅಚ್ಚಿನ ಮರಳು ಗಟ್ಟಿಯಾಗಿ ನಿಲ್ಲಲಿ ಎಂದು ಫೌಂಡ್ರಿಯವರು ಅದಕ್ಕೆ ಕಾಕಂಬಿ ಕಲಸುತ್ತಾರೆ. ಸಕ್ಕರೆ ತೆಗೆದ ಮೇಲೆ ಉಳಿಯುವ ಕಪ್ಪು ಪಾಕ ಅದು. ಕರಗಿದ ಕಬ್ಬಿಣ ಅದರ ಮೇಲೆ ಬಿದ್ದಾಗ ಹೀಗೆ ವಾಸನೆ ಏಳುತ್ತದೆ. ಅಪ್ಪಾಜಿಯ ಅಂಗಿಗೆ ಇದೇ ವಾಸನೆ ಇತ್ತು. ಅಮ್ಮ ಎಷ್ಟು ಸೋಪು ಹಾಕಿ ಒಗೆದರೂ ಹೋಗುತ್ತಿರಲಿಲ್ಲ. ಆ ಹುಡುಗಿಗೆ ಅರ್ಧ ಉತ್ತರ ಕೊಟ್ಟು ಚಪ್ಪಾಳೆ ತೆಗೆದುಕೊಂಡು ಬಂದೆನಲ್ಲ ಎಂದು ಬಸ್ಸಿನಲ್ಲಿ ಕೂತು ಸಂಕಟವಾಯಿತು.

ಉಳಿದರ್ಧ ನಾನು ಎರಡನೇ ಪಿಯುಸಿ ಓದಿದ ವರ್ಷದ್ದು. ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು. ಅಪ್ಪಾಜಿ ಭದ್ರಾವತಿಯ ಅಂಚಿನಲ್ಲಿದ್ದ ಒಂದು ಸಣ್ಣ ಖಾಸಗಿ ಫೌಂಡ್ರಿಯಲ್ಲಿ ಕಬ್ಬಿಣ ಕರಗಿಸುವ ಫರ್ನೇಸ್ ನೋಡಿಕೊಳ್ಳುತ್ತಿದ್ದರು. ನೀರೆತ್ತುವ ಪಂಪಿನ ಭಾಗ, ಟ್ರ್ಯಾಕ್ಟರಿನ ಭಾಗ, ಚರಂಡಿಯ ಮುಚ್ಚಳ ಇಂಥವನ್ನು ಅಲ್ಲಿ ಎರಕ ಹೊಯ್ಯುತ್ತಿದ್ದರು. ಅಚ್ಚು ಕಟ್ಟುವವನು ಸೆಲ್ವಂ, ನನಗೆ ಸೆಲ್ವಣ್ಣ. ಅವನ ಅಜ್ಜ ಕಾರ್ಖಾನೆ ಕೆಲಸ ಹುಡುಕಿಕೊಂಡು ಸೇಲಂ ಕಡೆಯಿಂದ ಬಂದವನು. ಸೆಲ್ವಣ್ಣ ಹುಟ್ಟಿದ್ದೇ ಇಲ್ಲಿ. ಅವನು ಅಚ್ಚು ಕಟ್ಟಿದರೆ ಅಪ್ಪಾಜಿ ಕಬ್ಬಿಣ ಕರಗಿಸಬೇಕು, ಅಪ್ಪಾಜಿ ಕರಗಿಸಿದರೆ ಅವನು ಹೊಯ್ಯಬೇಕು. ಇಬ್ಬರೂ ದಿನವಿಡೀ ಒಬ್ಬರನ್ನೊಬ್ಬರು ಬೈದುಕೊಂಡು ಸಂಜೆ ಒಂದೇ ಸೈಕಲ್ಲಿನಲ್ಲಿ ಮನೆಗೆ ಬರುತ್ತಿದ್ದರು.

ಆ ಫರ್ನೇಸು ಕರೆಂಟಿನಿಂದ ಕಾಯುವಂಥದ್ದು. ನೋಡಲು ನೆಲದಲ್ಲಿ ಹೂತ ದೊಡ್ಡ ಹಂಡೆ. ಒಳಗೋಡೆಗೆ ಬಿಳಿ ಕಲ್ಲುಪುಡಿಯನ್ನು ದಪ್ಪಗೆ ಬಡಿದು ಕೂರಿಸಿರುತ್ತಾರೆ, ಅದಕ್ಕೆ ಲೈನಿಂಗ್ ಎಂದು ಹೆಸರು. ಅದರ ಹಿಂದೆ ತಾಮ್ರದ ಕೊಳವೆಯ ಸುರುಳಿ, ಕೊಳವೆಯೊಳಗೆ ಹರಿಯುವ ತಣ್ಣೀರು. ಕರಗಿದ ಕಬ್ಬಿಣಕ್ಕೂ ನೀರಿಗೂ ಮಧ್ಯೆ ಇರುವುದು ಆ ಲೈನಿಂಗ್ ಒಂದೇ. ಹಾಗಾಗಿ ಅಪ್ಪಾಜಿ ಬೆಳಿಗ್ಗೆ ಬ್ಯಾಟರಿ ಹಿಡಿದು, ಫರ್ನೇಸಿನ ಬಾಯಿಗೆ ತಲೆ ಹಾಕಿ, ಒಳಗೋಡೆಯನ್ನು ಸುತ್ತ ನೋಡದೆ ಸ್ವಿಚ್ ಮುಟ್ಟುತ್ತಿರಲಿಲ್ಲ. "ಫರ್ನೇಸಿನ ವಿಷಯದಲ್ಲಿ ನನ್ನ ಕಣ್ಣು ತಪ್ಪಲ್ಲ" ಎನ್ನುವುದು ಅವರಿಗಿದ್ದ ಒಂದೇ ಜಂಬ.

ದಿನದ ಕೆಲಸ ಮುಗಿದ ಮೇಲೆ ಆ ಹಂಡೆಯನ್ನು ಪೂರ್ತಿ ಬರಿದು ಮಾಡುತ್ತಿರಲಿಲ್ಲ. ತಳದಲ್ಲಿ ಒಂದಿಷ್ಟು ಕಬ್ಬಿಣ ಬಿಡುತ್ತಿದ್ದರು. ಮರುದಿನ ಹಾಕಿದ್ದು ಬೇಗ ಕರಗಲು ಅದರಿಂದ ಅನುಕೂಲ. ಅದನ್ನು ಅವರೆಲ್ಲ ಹೆಪ್ಪು ಎಂದು ಕರೆಯುತ್ತಿದ್ದರು. ಬಹಳ ದಿನ ನಿಲ್ಲಿಸುವುದಾದರೆ ಮಾತ್ರ ಹೆಪ್ಪು ಬಿಡಬಾರದು. ತಳದಲ್ಲಿ ತಣ್ಣಗೆ ಗಟ್ಟಿಯಾದ ಕಬ್ಬಿಣ ಮತ್ತೆ ಕಾಯುವಾಗ ಹಿಗ್ಗಿ ಲೈನಿಂಗನ್ನು ಒಡೆಯಬಹುದು. ಇದು ಅಲ್ಲಿ ಎಲ್ಲರಿಗೂ ಗೊತ್ತಿದ್ದ ಮಾತು, ಅಪ್ಪಾಜಿಗಂತೂ ಚೆನ್ನಾಗಿ ಗೊತ್ತಿದ್ದ ಮಾತು.

ಜೂನ್ ತಿಂಗಳಲ್ಲಿ, ನನ್ನ ಕಾಲೇಜು ಶುರುವಾದ ವಾರವೇ, ಓನರು ಬಂದು ಆರ್ಡರ್ ಇಲ್ಲ, ಸ್ವಲ್ಪ ದಿನ ನಿಲ್ಲಿಸೋಣ, ಫರ್ನೇಸ್ ಖಾಲಿ ಮಾಡಿ ಎಂದು ಹೇಳಿ ಕಾರು ಹತ್ತಿದರು. ಆ ಸಂಜೆ ಅಪ್ಪಾಜಿ ಮನೆಗೆ ಬಂದು ಕಾಲು ತೊಳೆಯದೆ ಜಗಲಿ ಮೇಲೆ ಕೂತರು. ಒಳಗೆ ಅಮ್ಮ ಹಾಲಿಗೆ ಹೆಪ್ಪು ಹಾಕುತ್ತಿದ್ದಳು.

"ಪೂರ್ತಿ ಖಾಲಿ ಮಾಡಿದ್ರಾ?" ಎಂದು ಅಲ್ಲಿಂದಲೇ ಕೇಳಿದಳು.

"ಇಲ್ಲ. ಹೆಪ್ಪು ಬಿಟ್ಟು ಬಂದಿದೀನಿ."

"ಓನರು ಖಾಲಿ ಮಾಡಿ ಅಂದಿದ್ರಂತಲ್ರೀ. ಸೆಲ್ವಂ ಹೆಂಡ್ತಿ ಹೇಳಿದ್ಲು."

"ಸೆಲ್ವಂನೂ ಖಾಲಿ ಮಾಡೋದು ಬೇಡ ಅಂದ. ಕೊನೇ ತೊಟ್ಟಿನವರೆಗೂ ಬಗ್ಗಿಸಿಬಿಟ್ರೆ, ಇನ್ನು ಮುಗೀತು ಅಂತ ನಾವೇ ಬಾಯಿಬಿಟ್ಟು ಹೇಳ್ದಂಗೆ ಆಗುತ್ತೆ ಕಣೇ."

ಅಮ್ಮ ಹಾಲಿನ ಪಾತ್ರೆಗೆ ತಟ್ಟೆ ಮುಚ್ಚಿದಳು. ಮೊಸರಿನ ಗಡಿಗೆಯನ್ನು ಬಳಿದು ಹಾಕದ, ಅಕ್ಕಿ ಡಬ್ಬದ ತಳ ಕಾಣುವ ಮೊದಲೇ ಹೊಸ ಅಕ್ಕಿ ಸುರಿಯುವ ಹೆಂಗಸಿಗೆ ಅದು ತಪ್ಪು ಎನಿಸುವುದು ಹೇಗೆ? ನನಗೂ ಅನ್ನಿಸಲಿಲ್ಲ. ಒಳ್ಳೆಯ ಕೆಲಸವನ್ನೇ ಮಾಡಿ ಬಂದಿದ್ದಾರೆ ಎಂದುಕೊಂಡೆ.

ಆ ವರ್ಷ ಮಳೆ ಬಿಡಲೇ ಇಲ್ಲ. ಭದ್ರಾವತಿಯಿಂದ ಶಿವಮೊಗ್ಗಕ್ಕೆ ಹೋಗುವ ಬಸ್ಸಿನಲ್ಲಿ ಛತ್ರಿಗಳ ನೀರು ಒಬ್ಬರ ಕಾಲ ಮೇಲೊಬ್ಬರಿಗೆ ಸುರಿಯುತ್ತಿತ್ತು. ನನ್ನ ಎರಡು ಚೂಡಿದಾರಗಳೂ ಒಣಗುತ್ತಿರಲಿಲ್ಲ. ಅಪ್ಪಾಜಿ ಲಾರಿ ಶೆಡ್ಡೊಂದರಲ್ಲಿ ವೆಲ್ಡಿಂಗ್ ಕೆಲಸ ಹಿಡಿದಿದ್ದರು. ಬಿಡುವಾದಾಗ ಸೆಲ್ವಣ್ಣನ ಜೊತೆ ಫೌಂಡ್ರಿಗೆ ಹೋಗಿ ಫರ್ನೇಸಿನ ಮೇಲೆ ಟಾರ್ಪಾಲು ಸರಿಯಾಗಿದೆಯೇ ನೋಡಿ ಬರುತ್ತಿದ್ದರು. ಚಾವಣಿಯ ಶೀಟು ಸೋರುತ್ತಿತ್ತು. ಒಂದು ಕಡೆ ಮುಚ್ಚಿದರೆ ಇನ್ನೊಂದು ಕಡೆ ಸೋರುತ್ತಿತ್ತು.

ಕಾಲೇಜು ಮುಗಿದ ಮೇಲೆ ನಾನು ವಿನೋಬನಗರದಲ್ಲಿ ಫಿಸಿಕ್ಸ್ ಸರ್ ಮನೆಗೆ ಟ್ಯೂಷನ್ನಿಗೆ ಹೋಗುತ್ತಿದ್ದೆ. ಮಹಡಿಯ ಮೇಲೆ ಚಾಪೆ ಹಾಸಿ ಕೂರಿಸುತ್ತಿದ್ದರು. ಒಂದು ದಿನ ಕರೆಂಟು ಹೋಗಿ, ಮಳೆಯ ಸದ್ದಿಗೆ ಪಾಠ ಕೇಳಿಸದೆ, ಸರ್ ಪುಸ್ತಕ ಮಡಚಿಟ್ಟು ಕೆಂಪು ಚಿನ್ನದ ಕಥೆ ಹೇಳಿದರು. ವಸ್ತು ಅದೇ, ಆದರೆ ಬಹಳ ಸಣ್ಣದಾದರೆ ಅದರ ಬಣ್ಣ ಬದಲಾಗುತ್ತದೆ, ಬೇಗ ಕರಗುತ್ತದೆ, ಗುಣವೇ ಬೇರೆಯಾಗುತ್ತದೆ ಎಂದರು. "ಮೆಟೀರಿಯಲ್ಸ್ ಅಂತ ಒಂದು ಬ್ರಾಂಚ್ ಇದೆ. ಮೊದಲು ಮೆಟಲರ್ಜಿ ಅಂತಿದ್ರು. ಯಾರೂ ಕಣ್ಣೆತ್ತಿ ನೋಡಲ್ಲ. ಅದನ್ನ ಓದಿದ್ರೆ ಮುಂದೆ ಈ ನ್ಯಾನೋಗೆ ಹೋಗಬಹುದು" ಎಂದೂ ಸೇರಿಸಿದರು. ಬಸ್ಸಿನಲ್ಲಿ ವಾಪಸು ಬರುವಾಗ ನನಗೆ ಬೇರೆ ಏನೂ ತಲೆಗೆ ಹೋಗಲಿಲ್ಲ. ಹುಡುಗಿಯೊಬ್ಬಳಿಗೆ ಹುಡುಗನ ಹುಚ್ಚು ಹಿಡಿದರೆ ಊರಿಗೇ ಅರ್ಥವಾಗುತ್ತದೆ; ಇದನ್ನು ಯಾರಿಗೆ ಹೇಳುವುದು?

ಅಪ್ಪಾಜಿಗೇ ಹೇಳಿದೆ. "ಚಿನ್ನ ಸಣ್ಣ ಚೂರಾದ್ರೆ ಕೆಂಪಾಗುತ್ತಂತೆ ಅಪ್ಪಾಜಿ."

"ಕಬ್ಬಿಣ ಕಾದ್ರೂ ಕೆಂಪಾಗುತ್ತೆ. ಅದಕ್ಕೆ ಟ್ಯೂಷನ್ ಫೀಸು ಬೇರೆ ಕೊಡ್ಬೇಕಾ?"

"ಸಣ್ಣದಾದಷ್ಟೂ ಬೇಗ ಕರಗುತ್ತಂತೆ."

"ಅದು ನಂಗೆ ಗೊತ್ತಿರೋದೇ" ಎಂದು ನಕ್ಕರು. ನಾನು ಆ ಬ್ರಾಂಚಿನ ಹೆಸರು ಹೇಳಿದ ಕೂಡಲೇ ನಗು ಹೋಯಿತು. "ಕಂಪ್ಯೂಟರ್ರೋ ಏನೋ, ಎಲ್ಲಾರೂ ತಗೊಳ್ಳೋದು ತಗೋ ಪುಟ್ಟಿ. ಕಬ್ಬಿಣ ನಂಬ್ಕೊಂಡು ನಾನು ಹೆಂಗೆ ಕೂತಿದೀನಿ ಅಂತ ಕಾಣ್ತಿಲ್ವಾ? ಮನೇಲಿ ಒಬ್ರು ಸುಟ್ಕೊಂಡಿದ್ದು ಸಾಕು." ಅವರು ಅಷ್ಟು ಖಡಾಖಂಡಿತವಾಗಿ ನನಗೆ ಬೇಡ ಎಂದದ್ದು ಅದೇ ಮೊದಲು. ನಾನು ಊಟ ಬಿಟ್ಟು ಮಲಗಿದೆ. ಅಮ್ಮ ಬಂದು, "ಎದ್ದೇಳು ಮಾರಾಯ್ತಿ, ಚಿನ್ನ ಕೆಂಪಾದ್ರೆ ಯಾರಿಗೇನು, ಅನ್ನ ತಣ್ಣಗಾಗ್ತಿದೆ" ಎಂದು ಎಬ್ಬಿಸಿದಳು.

ಆಯುಧಪೂಜೆಗೆ ಫೌಂಡ್ರಿಯವರ ಮನೆಮಂದಿಯೆಲ್ಲ ಒಳಗೆ ಹೋಗುವ ರೂಢಿ. ವರ್ಷಕ್ಕೊಮ್ಮೆ ಹೆಂಗಸರು ಮಕ್ಕಳು ಫರ್ನೇಸಿನ ಹತ್ತಿರ ನಿಂತು ಬೆಂಕಿ ನೋಡುವ ದಿನ ಅದು. ಆ ಸಲವೂ ಹೋದೆವು. ಅಪ್ಪಾಜಿ ಟಾರ್ಪಾಲು ತೆಗೆದು, ತಣ್ಣಗಿದ್ದ ಫರ್ನೇಸಿಗೆ ವಿಭೂತಿ ಹಚ್ಚಿ, ಸೇವಂತಿಗೆ ಹಾರ ಹಾಕಿದರು. ಸೆಲ್ವಣ್ಣ ಬೂದುಗುಂಬಳ ಒಡೆದ. ಮಂಡಕ್ಕಿ ಹಂಚುವಾಗ ಯಾರೂ ಜೋರಾಗಿ ಮಾತಾಡಲಿಲ್ಲ. ಆದರೆ ಒಂದು ಸುದ್ದಿ ಇತ್ತು. ಕೊಯಮತ್ತೂರಿನವರೊಬ್ಬರು ಫೌಂಡ್ರಿಯನ್ನು ನಡೆಸಲು ಒಪ್ಪಿದ್ದಾರೆ, ಹಬ್ಬ ಕಳೆದ ಮೇಲೆ ಬಂದು ಫರ್ನೇಸ್ ಹಚ್ಚಿಸಿ ನೋಡುತ್ತಾರೆ, ಸರಿಯಾಗಿ ನಡೆದರೆ ಎಲ್ಲರಿಗೂ ಮತ್ತೆ ಕೆಲಸ. ಅಪ್ಪಾಜಿ ನನ್ನನ್ನು ಹತ್ತಿರ ಕರೆದು ಬ್ಯಾಟರಿ ಬಿಟ್ಟು ಒಳಗೆ ತೋರಿಸಿದರು. ತಳದಲ್ಲಿ ಹೆಪ್ಪು ತುಕ್ಕು ಹಿಡಿದು ಕೆಂಪಗೆ ಕೂತಿತ್ತು.

ಹಚ್ಚುವ ದಿನ ನಾನು ವಿನೋಬನಗರದಲ್ಲಿದ್ದೆ. ಸಂಜೆ ಬಸ್ಸಿಳಿದಾಗ ನಮ್ಮ ಬೀದಿಯಲ್ಲಿ ಜನ ಗುಂಪು ಗುಂಪಾಗಿ ನಿಂತಿದ್ದರು, ನನ್ನನ್ನು ಕಂಡು ಮಾತು ನಿಲ್ಲಿಸಿದರು. ನಡೆದದ್ದು ಇಷ್ಟು. ಫರ್ನೇಸನ್ನು ನಿಧಾನವಾಗಿ ಕಾಯಿಸಿ, ಕಬ್ಬಿಣವೆಲ್ಲ ಕರಗಿ, ಇನ್ನೇನು ಹೊಯ್ಯಬೇಕು ಎನ್ನುವಾಗ ಲೈನಿಂಗ್ ಬಿಟ್ಟುಕೊಂಡಿತು. ಕಬ್ಬಿಣ ತಾಮ್ರದ ಕೊಳವೆಗೆ ಮುಟ್ಟಿತು, ನೀರು ಕಬ್ಬಿಣಕ್ಕೆ ಬಿತ್ತು. ಚಾವಣಿಯ ಶೀಟು ಹಾರಿಹೋಯಿತು. ಜೀವ ಯಾರದೂ ಹೋಗಲಿಲ್ಲ. ಹೊಯ್ಯಲು ಮುಂದೆ ನಿಂತಿದ್ದ ಸೆಲ್ವಣ್ಣನ ಬಲಗೈ ಸುಟ್ಟು, ಬೆರಳುಗಳು ಒಂದಕ್ಕೊಂದು ಕೂಡಿಕೊಂಡವು. ಅಂಥ ಚೆಂದದ ಅಚ್ಚು ಕಟ್ಟುತ್ತಿದ್ದ ಕೈ ಅದು.

ಕೊಯಮತ್ತೂರಿನವರು, ತಳದಲ್ಲಿ ಕಬ್ಬಿಣ ಬಿಟ್ಟವರು ಯಾರು ಎಂದು ಕೇಳಿ, ತಲೆ ಆಡಿಸಿ, ಹೊರಟುಹೋದರು. ಫೌಂಡ್ರಿಗೆ ಬೀಗ ಬಿತ್ತು. ಬೀದಿಯಲ್ಲಿ ಕೆಲವರು ಹೆಪ್ಪು ಬಿಟ್ಟಿದ್ದೇ ಕಾರಣ ಎಂದರು. ನಾಲ್ಕು ತಿಂಗಳು ಮಳೆನೀರು ಕುಡಿದು ಲೈನಿಂಗ್ ಮೆತ್ತಗಾಗಿತ್ತು, ಅವರೇನು ಮಾಡ್ತಾರೆ ಎಂದು ಇನ್ನು ಕೆಲವರು ಅಂದರು. ಎರಡೂ ಮಾತು ನಮ್ಮ ಮನೆಯವರೆಗೆ ಬರುತ್ತಿದ್ದವು. ಅಪ್ಪಾಜಿ ಬೆಳಿಗ್ಗೆ ಎದ್ದು, ಅಮ್ಮನಿಂದ ಟಿಫಿನ್ ಡಬ್ಬಿ ಕಟ್ಟಿಸಿಕೊಂಡು, ಸೆಲ್ವಣ್ಣನ ಮನೆಗೆ ಕೊಟ್ಟು, ಆಮೇಲೆ ಲಾರಿ ಶೆಡ್ಡಿಗೆ ಹೋಗುತ್ತಿದ್ದರು. ಒಮ್ಮೆ ನಾನೂ ಜೊತೆಗಿದ್ದೆ. ಸೆಲ್ವಣ್ಣ ಬಟ್ಟೆ ಸುತ್ತಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು, "ಬಿಡಣ್ಣಾ, ಖಾಲಿ ಮಾಡಬೇಡ ಅಂತ ನಾನೂ ಹೇಳ್ದೆ ತಾನೆ" ಎಂದ. ಅಪ್ಪಾಜಿ ಡಬ್ಬಿ ಕೆಳಗಿಟ್ಟು ಹೊರಗೆ ಬಂದುಬಿಟ್ಟರು.

ಕೆಂಪು ಚಿನ್ನದ ಮಾತನ್ನು ನಾನು ಮನೆಯಲ್ಲಿ ಮತ್ತೆ ಎತ್ತಲಿಲ್ಲ. ಎತ್ತುವ ಮುಖವಿರಲಿಲ್ಲ. ಕಂಪ್ಯೂಟರ್ ಎಂದರೆ ಕಂಪ್ಯೂಟರ್ ಎಂದುಕೊಂಡು ಪರೀಕ್ಷೆ ಬರೆದೆ, ಸಿಇಟಿ ಬರೆದೆ. ಇನ್ಫರ್ಮೇಷನ್ ಸೈನ್ಸ್ ಸಿಗುವಷ್ಟು ಒಳ್ಳೆಯ ರ‍್ಯಾಂಕು ಬಂತು. ಬೀದಿಯವರೆಲ್ಲ ಸಂತೋಷಪಟ್ಟರು. ಆ ವರ್ಷ ನಮ್ಮ ಮನೆಯಲ್ಲಿ ಸಿಹಿ ಮಾಡಿದ್ದು ಅದೊಂದು ಸಲ.

ಆಗೆಲ್ಲ ಸೀಟು ಆರಿಸಲು ಬೆಂಗಳೂರಿಗೇ ಹೋಗಿ, ಕಂಪ್ಯೂಟರ್ ಮುಂದೆ ಕೂತವರಿಗೆ ನಮ್ಮ ಆಯ್ಕೆ ಹೇಳಬೇಕಿತ್ತು. ನಾನು ಮತ್ತು ಅಪ್ಪಾಜಿ ಬೆಳಗಿನ ರೈಲಿನಲ್ಲಿ ಹೊರಟೆವು. ಮತ್ತೆ ಮಳೆಗಾಲ ಶುರುವಾಗಿತ್ತು. ಬೀರೂರಿನಲ್ಲಿ ರೈಲು ಬಹಳ ಹೊತ್ತು ನಿಂತಿತು. ಅಪ್ಪಾಜಿ ಇಳಿದು ಎರಡು ಟೀ ತಂದು ಒಂದನ್ನು ನನಗೆ ಕೊಟ್ಟರು. ಆಮೇಲೆ ಚೀಲದಿಂದ ಟವೆಲಿನಲ್ಲಿ ಸುತ್ತಿದ್ದ ಏನನ್ನೋ ತೆಗೆದು ನನ್ನ ಪಕ್ಕ ಇಟ್ಟರು. ಬಿಚ್ಚಿ ನೋಡಿದೆ. ಅಂಗೈ ಅಗಲದ, ಒಂದು ಕಡೆ ಕಪ್ಪಾಗಿ ಸುಟ್ಟ, ಬಿಳಿ ಕಲ್ಲಿನಂಥ ಚೂರು. ಲೈನಿಂಗಿನದು. ಒಡೆದ ಜಾಗದಿಂದಲೇ ಎತ್ತಿಟ್ಟುಕೊಂಡಿದ್ದರು.

"ನೀನು ಅವತ್ತು ಹೇಳಿದ್ಯಲ್ಲ, ಆ ಲೋಹದ್ದು. ಅದನ್ನೇ ತಗೋ ಪುಟ್ಟಿ" ಎಂದರು.

ನಾನು ಬಾಯಿ ಬಿಡುವ ಮೊದಲೇ ಮುಂದುವರಿಸಿದರು. "ನಂಗೊಂದು ಗೊತ್ತಾಗ್ಬೇಕು. ಹೆಪ್ಪಿನಿಂದ ಒಡೀತಾ, ಮಳೆಯಿಂದ ಒಡೀತಾ? ಒಬ್ಬೊಬ್ರು ಒಂದೊಂದು ಹೇಳ್ತಾರೆ. ನೀನು ಓದಿ, ಇದನ್ನ ನೋಡಿ, ಸರಿಯಾಗಿ ಹೇಳು. ಸೆಲ್ವಂ ಎಡಗೈಲಿ ಊಟ ಮಾಡೋದನ್ನ ದಿನಾ ನೋಡ್ತೀನಿ ನಾನು." ಟೀ ಲೋಟ ಕಿಟಕಿಯ ಹೊರಗೆ ಎಸೆದು, ತಿರುಗಿ ಕೂತರು.

ನನಗೆ ಬೇಕಾಗಿದ್ದೇ ಸಿಕ್ಕಿತ್ತು, ಆದರೆ ಹೀಗೆ ಸಿಗುವುದು ಬೇಡವಾಗಿತ್ತು. ಅರಸೀಕೆರೆ ದಾಟುವವರೆಗೂ ಅಳುತ್ತಲೇ ಇದ್ದೆ. ಎದುರು ಸೀಟಿನವರು ಹುಡುಗಿಗೆ ಸೀಟು ಸಿಕ್ಕಿಲ್ಲವೇನೋ ಎಂದು ಅಪ್ಪಾಜಿಯನ್ನು ಮರುಕದಿಂದ ನೋಡುತ್ತಿದ್ದರು. ಬೆಂಗಳೂರಿನಲ್ಲಿ ಕಂಪ್ಯೂಟರ್ ಮುಂದೆ ಕೂತಿದ್ದಾತ, "ಇನ್ಫರ್ಮೇಷನ್ ಸೈನ್ಸ್ ಸಿಗುತ್ತಲ್ಲಮ್ಮ, ಇದ್ಯಾಕೆ?" ಎಂದು ಕೇಳಿದ. ಅಪ್ಪಾಜಿಯೇ, "ಅವಳಿಗೆ ಅದೇ ಇಷ್ಟ ಸಾರ್" ಎಂದರು.

ಬೆಂಗಳೂರಿನ ಹಾಸ್ಟೆಲಿನಲ್ಲಿ ನನ್ನ ಪೆಟ್ಟಿಗೆಯ ತಳದಲ್ಲಿ ಆ ಚೂರು ಟವೆಲಿನಲ್ಲಿ ಹಾಗೇ ಇತ್ತು. ರಜೆಗೆ ಬಂದಾಗ ಅಪ್ಪಾಜಿ ಕೇಳುತ್ತಿರಲಿಲ್ಲ, ನಾನೂ ಹೇಳುತ್ತಿರಲಿಲ್ಲ. ಕೊನೆಯ ವರ್ಷದಲ್ಲಿ ಮೇಷ್ಟರೊಬ್ಬರ ಅಪ್ಪಣೆ ಪಡೆದು ಅದನ್ನು ಕೊಯ್ದು, ನುಣ್ಣಗೆ ಉಜ್ಜಿ, ಮೈಕ್ರೋಸ್ಕೋಪಿನ ಕೆಳಗೆ ಇಟ್ಟೆ. ಕೂದಲಿಗಿಂತ ತೆಳ್ಳಗಿನ ಒಂದು ಬಿರುಕು ಲೈನಿಂಗಿನೊಳಗೆ ಆಳಕ್ಕೆ ಹೋಗಿತ್ತು. ಅದರ ಬಾಯಲ್ಲಿ ಹಚ್ಚಿದ ದಿನ ನುಗ್ಗಿದ ಹೊಸ ಕಬ್ಬಿಣ. ಅದರ ಹಿಂದೆ, ಒಳಗೆ, ತುಕ್ಕು ಸುತ್ತಿಕೊಂಡ ಹಳೆಯ ಕಬ್ಬಿಣ. ಗಟ್ಟಿಯಾದ ಹೆಪ್ಪು ಹರಿದು ಬಿರುಕಿನೊಳಗೆ ಹೋಗಲಾರದು. ಆ ಹಳೆಯದು ಮಳೆಗೂ ಮೊದಲೇ, ಫರ್ನೇಸು ದಿನಾ ಉರಿಯುತ್ತಿದ್ದಾಗಲೇ ಹರಿದು ಹೋಗಿ, ಮಳೆಗಾಲವಿಡೀ ಅಲ್ಲಿ ತುಕ್ಕು ಹಿಡಿದಿತ್ತು. ಲೈನಿಂಗ್ ಮೊದಲೇ ಬಿರುಕು ಬಿಟ್ಟಿತ್ತು. ಅದನ್ನು ಹೊಸದಾಗಿ ಹಾಕಿಸುವುದನ್ನು ಓನರು ಆ ವರ್ಷ ಮುಂದಕ್ಕೆ ಹಾಕುತ್ತಲೇ ಬಂದಿದ್ದರು. ಹೆಪ್ಪೂ ಅಲ್ಲ, ಮಳೆಯೂ ಅಲ್ಲ. ಮೇಷ್ಟರೂ ನೋಡಿ ಹೌದು ಎಂದರು.

ಮರುದಿನವೇ ಫೋಟೊ ಹಿಡಿದುಕೊಂಡು ಊರಿಗೆ ಹೋದೆ. ಮಧ್ಯಾಹ್ನ ಊಟವಾದ ಮೇಲೆ ಅಪ್ಪಾಜಿಯ ಪಕ್ಕ ಕೂತು, ಬೆರಳಿಟ್ಟು ತೋರಿಸಿ, ಒಂದೊಂದೇ ಹೇಳಿದೆ. ಕನ್ನಡಕ ಹಾಕಿಕೊಂಡು ಶ್ರದ್ಧೆಯಿಂದ ನೋಡಿದರು. ಕೊನೆಗೆ ಕನ್ನಡಕ ತೆಗೆದರು.

"ದಿನಾ ಬೆಳಿಗ್ಗೆ ತಲೆ ಹಾಕಿ ನೋಡ್ತಿದ್ದೆ ಕಣಮ್ಮ. ಬಿರುಕು ಇದ್ದಿದ್ರೆ ನನ್ನ ಕಣ್ಣಿಗೆ ಬೀಳ್ತಿರ್ಲಿಲ್ವಾ?"

"ಅದು ಕಣ್ಣಿಗೆ ಕಾಣೋವಷ್ಟು ದೊಡ್ಡದಲ್ಲ ಅಪ್ಪಾಜಿ. ಯಾರ ಕಣ್ಣಿಗೂ ಕಾಣ್ತಿರ್ಲಿಲ್ಲ."

ಅವರು ನನ್ನ ತಲೆ ಸವರಿದರು. ಅಮ್ಮನ ಕಡೆ ತಿರುಗಿ, "ನೋಡೇ, ಅಪ್ಪಂಗೆ ಬೇಜಾರಾಗ್ಬಾರ್ದು ಅಂತ ಎಷ್ಟು ಚೆನ್ನಾಗಿ ಹೇಳ್ತಾಳೆ" ಎಂದರು.

ನಾನು ಮತ್ತೆ ಮೊದಲಿನಿಂದ ಹೇಳಿದೆ. ಆಣೆ ಇಟ್ಟೆ. ಸಿಟ್ಟಿನಿಂದ ದನಿ ಏರಿಸಿದೆ. ಹೇಳಿದಷ್ಟೂ ಅವರಿಗೆ ನನ್ನ ಮೇಲೆ ಪ್ರೀತಿ ಹೆಚ್ಚುತ್ತಿತ್ತು, ನಂಬಿಕೆ ಹುಟ್ಟುತ್ತಿರಲಿಲ್ಲ. ನನ್ನ ಮಾತು ನಂಬಿದರೆ ಇಷ್ಟು ವರ್ಷ ತಮ್ಮ ಕಣ್ಣು ಮೋಸ ಮಾಡಿತು ಎಂದು ಒಪ್ಪಬೇಕು. ಅದಕ್ಕಿಂತ ತಪ್ಪನ್ನು ಹೊತ್ತುಕೊಂಡಿರುವುದೇ ಅವರಿಗೆ ಹಗುರವಾಗಿತ್ತೋ ಏನೋ. ಮಾರನೆಯ ದಿನ ನಾನು ಏಳುವ ಹೊತ್ತಿಗೆ ಫೋಟೊ ಮೇಜಿನ ಮೇಲಿತ್ತು, ಅಪ್ಪಾಜಿ ಟಿಫಿನ್ ಡಬ್ಬಿ ತೆಗೆದುಕೊಂಡು ಸೆಲ್ವಣ್ಣನ ಮನೆಗೆ ಹೋಗಿದ್ದರು. ಕಾಲು ಬಿದ್ದುಹೋಗುವವರೆಗೂ ಹಾಗೇ ಹೋಗುತ್ತಿದ್ದರು. ಅವರು ತೀರಿಕೊಂಡು ಈಗ ಬಹಳ ವರ್ಷವಾಯಿತು. ಅಮ್ಮ ನನ್ನ ಜೊತೆ ಇದ್ದಾಳೆ.

ಭದ್ರಾವತಿಯಲ್ಲಿ ಬಸ್ಸಿಳಿದು ಆಟೊ ಹಿಡಿದೆ. ಸೆಲ್ವಣ್ಣ ಜಗಲಿಯ ಮೇಲೆ ಕೂತಿದ್ದ. ಮುದುಕನಾಗಿದ್ದಾನೆ. ಹಣ್ಣಿನ ಬುಟ್ಟಿಯನ್ನು ಎಡಗೈಯಲ್ಲಿ ತೆಗೆದುಕೊಂಡು, ಪಕ್ಕದಲ್ಲಿಟ್ಟುಕೊಂಡ.

"ಊರಿಗೆ ಬಂದಾಗೆಲ್ಲ ನೀನೂ ಏನಾದರೂ ತರ್ತೀಯ, ನಿಮ್ಮಪ್ಪನ ಹಂಗೆ. ಅಣ್ಣನ ತಪ್ಪೇನೂ ಇಲ್ಲ ಅಂತ ನೀನೇ ಮಿಷನ್ನಲ್ಲಿ ನೋಡಿ ಬಂದು ಹೇಳ್ದೆ ತಾನೆ? ಮತ್ತೆ ಯಾಕಮ್ಮ ಇದೆಲ್ಲ?"

ಬುಟ್ಟಿಯಿಂದ ಒಂದು ದಾಳಿಂಬೆ ತೆಗೆದು ಸುಲಿದು, ಬಿಡಿಸಿದ ಕಾಳುಗಳನ್ನು ಅವನ ಎಡಗೈಗೆ ಹಾಕಿದೆ.